ಇಸಿಜಿ ನಾರ್ಮಲ್ ಇದ್ದರೂ ಎದೆನೋವು: ಮುಂದೆ ಯಾವ ಟೆಸ್ಟ್?

72 ವರ್ಷದ ತಂದೆಗೆ ಬೆಳಿಗ್ಗೆಯಿಂದ ಎದೆನೋವು, ಸಿಂಧನೂರಿನಲ್ಲಿ ತೆಗೆಸಿದ ಇಸಿಜಿ ನಾರ್ಮಲ್, ಟಿಎಂಟಿ (ಟ್ರೆಡ್‌ಮಿಲ್ ಟೆಸ್ಟ್) ಮಾಡಿಸಲಾ ಅಂತ ಕೇಳಿದ್ದೀರಿ. ಬೇಡ ಸರ್. ನೋವಿರುವಾಗ ಟ್ರೆಡ್‌ಮಿಲ್ ಮೇಲೆ ನಡೆಸುವುದು ಅಪಾಯ. ಈಗಲೇ 108ಕ್ಕೆ ಫೋನ್ ಮಾಡಿ, ರಾಯಚೂರಿನ ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೊರಡಿ. ಬೈಕ್ ಮೇಲಂತೂ ಕೂರಿಸಬೇಡಿ.

ಮೊದಲ ಇಸಿಜಿ ಸರಿಯಿದ್ದರೂ ಹಾರ್ಟ್ ಅಟ್ಯಾಕ್ ಇರಬಹುದು. ಶುಗರ್ ಬೇರೆ ಇದೆ ಅಂತೀರಿ, ಗ್ಯಾಸ್ ಅಂತ ಸುಮ್ನೆ ಬಿಡಬೇಡಿ. ಇಸಿಜಿ ಮತ್ತೆ ತೆಗೆಯುತ್ತಾರೆ. ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ಎಂಬ ಅಂಶದ ಟೆಸ್ಟ್ ಈಗೊಮ್ಮೆ, ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ. ನೋವು ಶುರುವಾದ ಕೂಡಲೇ ಅದು ಏರಿರುವುದಿಲ್ಲ, ಅದಕ್ಕೇ ಎರಡು ಸಲ. ಸಿಟಿ ಸ್ಕ್ಯಾನ್ ಎಲ್ಲರಿಗೂ ಬೇಡ. ಸೀಳಿದಂತಹ ನೋವು ಬೆನ್ನಿಗೆ ಹೋದರೆ, ಎರಡು ಕೈಗಳ ಬಿಪಿ ಬೇರೆಬೇರೆ ಬಂದರೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಸೀಳಿದೆಯಾ ಅಂತ ನೋಡಲು ಬೇಕು. ಡಿ-ಡೈಮರ್ (ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡುವ ರಕ್ತದ ಟೆಸ್ಟ್) ಜಾಸ್ತಿ ಬಂತು ಅಂತ ಅಷ್ಟಕ್ಕೇ ಗಾಬರಿಯಾಗಬೇಡಿ, ವಯಸ್ಸಾದವರಲ್ಲಿ ಅದು ಅನೇಕ ಸಲ ಸ್ವಲ್ಪ ಏರಿರುತ್ತದೆ.