ಸೈಕಾಲಜಿಯಲ್ಲಿ ಇಷ್ಟೊಂದು ಪಂಥಗಳು ಯಾಕೆ, ಯಾವುದು ಸರಿ?

ನೀವು ಕೇಳಿದ್ದು ಇಷ್ಟು: ಬೆಂಗಳೂರಿನಲ್ಲಿ ಬಿ.ಎ. ಸೈಕಾಲಜಿ ಸೇರಿದ್ದೀರಿ. ಶುರುವಿನಲ್ಲೇ ಆರೇಳು ಪಂಥಗಳು. ಹೆಸರು, ಇಸವಿ ತಲೆಗೆ ಹತ್ತುತ್ತಿಲ್ಲ. ಇವುಗಳಲ್ಲಿ ಯಾವುದು ಸರಿ ಅಂತಲೂ ಗೊತ್ತಾಗುತ್ತಿಲ್ಲ.

ನಾನೂ ಇದೇ ಊರಲ್ಲಿ ಇದನ್ನೇ ಓದಿದವನು. ಮನೆಗೆ ಬಂದ ನೆಂಟರೆಲ್ಲ "ಹಂಗಾದ್ರೆ ನಿಮ್ಹಾನ್ಸ್‌ಗೆ ಸೇರ್ಕೊಂಡ ಅನ್ನಿ" ಅಂತ ನಗುತ್ತಿದ್ದರು. ಪಟ್ಟಿ ಮಾಡಿ ಉರು ಹೊಡೆದೆ. ಮೊದಲ ಪರೀಕ್ಷೆಯಲ್ಲೇ ಟಿಚನರ್ ಮಾತನ್ನು ವಾಟ್ಸನ್ ಬಾಯಿಗೆ ತುರುಕಿ ಬಂದೆ. ಆಮೇಲೆ ಒಂದು ಉಪಾಯ ಹೊಳೆಯಿತು. ಇದನ್ನು ಜಗಳದ ಕಥೆ ಹಾಗೆ ಓದಬೇಕು. ಯಾರಿಗೆ ಯಾರ ಮೇಲೆ ಯಾಕೆ ಸಿಟ್ಟು ಬಂತು ಅನ್ನೋದು ಗೊತ್ತಾದರೆ ಇಸವಿ ತಾನಾಗಿ ಕೂರುತ್ತದೆ.

1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಮನಸ್ಸಿನ ಪ್ರಯೋಗಕ್ಕೆ ಅಂತಲೇ ಲ್ಯಾಬ್ ತೆರೆದ. ಅವನ ಶಿಷ್ಯ ಟಿಚನರ್ ಅಮೆರಿಕದ ಕಾರ್ನೆಲ್‌ಗೆ ಹೋಗಿ, ಅನುಭವವನ್ನು ಬಿಡಿಬಿಡಿಯಾಗಿ ಒಡೆದು ನೋಡಬೇಕು ಅಂದ. ಅದೇ ರಚನಾವಾದ. (ಗೈಡ್‌ಗಳಲ್ಲಿ ಇದನ್ನು ವುಂಟ್ ತಲೆಗೆ ಕಟ್ಟಿರುತ್ತಾರೆ. ಹೆಸರಿಟ್ಟು ಬೆಳೆಸಿದ್ದು ಟಿಚನರ್.) ಮನಸ್ಸು ಹೊಳೆಯ ಹಾಗೆ ಹರಿಯುವಂಥದ್ದು, ಅದು ಬದುಕಿಗೆ ಹೇಗೆ ಕೆಲಸಕ್ಕೆ ಬರುತ್ತದೆ ನೋಡಿ ಅಂದವನು ವಿಲಿಯಂ ಜೇಮ್ಸ್. ಅವನ ದೊಡ್ಡ ಪುಸ್ತಕ ಬಂದದ್ದು 1890ರಲ್ಲಿ.

ಅಸಲಿ ಜಗಳ ಹತ್ತಿದ್ದು ವಿಧಾನದ ಮೇಲೆ. ತರಬೇತಿ ಪಡೆದವರು ತಮ್ಮ ಮನಸ್ಸಿನೊಳಗೆ ತಾವೇ ನೋಡಿಕೊಂಡು ಕಂಡದ್ದನ್ನು ಹೇಳಬೇಕು, ಅದೇ ಪ್ರಯೋಗ. ವೂರ್ಟ್ಸ್‌ಬರ್ಗ್‌ನಲ್ಲಿ ಕ್ಯುಲ್ಪೆ ಕಡೆಯವರು "ಮನಸ್ಸಿನಲ್ಲಿ ಚಿತ್ರವೇ ಮೂಡದೆ ಯೋಚನೆ ಬರುತ್ತದೆ" ಅಂದರು. ಟಿಚನರ್ ಕಡೆಯವರು "ಸಾಧ್ಯವೇ ಇಲ್ಲ, ನಿಮ್ಮವರಿಗೆ ಸರಿಯಾಗಿ ನೋಡೋಕೆ ಬರಲ್ಲ" ಅಂದರು. ತೀರ್ಪು ಕೊಡುವವರು ಯಾರು? ಸಾರಿಗೆ ಉಪ್ಪು ಜಾಸ್ತಿ ಆಯ್ತೋ ಇಲ್ವೋ ಅಂತ ಜಗಳ ಬಂದರೆ ಮೂರನೆಯವರು ರುಚಿ ನೋಡಿ ಹೇಳಬಹುದು. ಇಲ್ಲಿ ಆ ದಾರಿಯೂ ಇಲ್ಲ.

1913ರಲ್ಲಿ ಅಮೆರಿಕದ ವಾಟ್ಸನ್ ಇದಕ್ಕೆ ರೋಸಿಹೋಗಿ, ಕಾಣದ ಮನಸ್ಸಿನ ಸಹವಾಸವೇ ಬೇಡ, ಕಣ್ಣಿಗೆ ಕಾಣುವ ವರ್ತನೆ ಸಾಕು ಅಂದ. ಅದೇ ವರ್ತನಾವಾದ. ಊಟದ ಸೂಚನೆ ಸಿಕ್ಕರೆ ಸಾಕು ಜೊಲ್ಲು ಸುರಿಸುತ್ತಿದ್ದ ರಷ್ಯಾದ ಪಾವ್ಲೊವ್‌ನ ನಾಯಿಗಳು ಈ ಪಂಥದವರ ನೆರವಿಗೆ ಬಂದವು. ನಮ್ಮ ಬೀದಿ ನಾಯಿಯೂ ಅಷ್ಟೇ, ಬಿಸ್ಕತ್ ಕೊಡೋದೇ ಬೇಡ, ಪೊಟ್ಟಣದ ಸದ್ದಿಗೇ ಜೊಲ್ಲು ಸುರಿಸುತ್ತದೆ.

ಅತ್ತ ಜರ್ಮನಿಯಲ್ಲಿ 1912ರಲ್ಲೇ ವರ್ತೈಮರ್ ಬೇರೆ ತಕರಾರು ತೆಗೆದಿದ್ದ. ಗಣೇಶನ ಪೆಂಡಾಲ್ ಮುಂದಿನ ಸೀರಿಯಲ್ ಲೈಟ್ ನೋಡಿ. ಯಾವ ಬಲ್ಬೂ ಜಾಗ ಬಿಟ್ಟು ಕದಲುವುದಿಲ್ಲ. ಒಂದು ಆರುತ್ತದೆ, ಪಕ್ಕದ್ದು ಹತ್ತುತ್ತದೆ. ನಮಗೆ ಮಾತ್ರ ಬೆಳಕು ಓಡಿದ ಹಾಗೆ ಕಾಣುತ್ತದೆ. ಬಲ್ಬುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಆ ಓಟ ಎಲ್ಲಿ ಸಿಗುತ್ತೆ? ಬಿಡಿಗಳಲ್ಲಿ ಸಿಗದ್ದು ಇಡಿಯಲ್ಲಿ ಸಿಗುತ್ತದೆ ಅನ್ನುವ ಈ ಪಂಥವೇ ಗೆಸ್ಟಾಲ್ಟ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಫ್ರಾಯ್ಡ್ ಈ ಲ್ಯಾಬ್ ಜಗಳದಲ್ಲಿ ಇರಲೇ ಇಲ್ಲ. ವಿಯೆನ್ನಾದಲ್ಲಿ ರೋಗಿಗಳ ಮಾತು ಕೇಳುತ್ತಾ ಕೂತಿದ್ದ ವೈದ್ಯ ಅವನು. ಅವನ ಬಗ್ಗೆ ಎಲ್ಲರೂ ಜಾಸ್ತಿಯೇ ಹೇಳುತ್ತಾರೆ, ನಾನು ಬಿಡುತ್ತೇನೆ.

ವರ್ತನಾವಾದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1959ರಲ್ಲಿ. ಮಕ್ಕಳು ಕೇಳಿದ್ದನ್ನೇ ತಿರುಗಿ ಹೇಳುತ್ತಾ ಭಾಷೆ ಕಲಿಯುವುದಿಲ್ಲ ಅಂತ ಭಾಷಾಶಾಸ್ತ್ರಜ್ಞ ಚಾಮ್‌ಸ್ಕಿ, ವರ್ತನಾವಾದಿ ಸ್ಕಿನ್ನರ್‌ನ ಪುಸ್ತಕವನ್ನು ಝಾಡಿಸಿದ. ನನ್ನ ಅಕ್ಕನ ಮಗಳು ಚಿಕ್ಕವಳಿದ್ದಾಗ "ಅಪ್ಪ ಬರಿದ" ಅನ್ನುತ್ತಿದ್ದಳು. ಮನೆಯಲ್ಲಿ ಯಾರೂ ಹಾಗೆ ಅಂದವರಲ್ಲ. ಮಾಡಿದ, ಓಡಿದ ಅನ್ನೋದನ್ನು ಕೇಳಿ ತಾನೇ ಒಂದು ನಿಯಮ ಕಟ್ಟಿಕೊಂಡಿದ್ದಳು. ಹೀಗೆ ವಾಟ್ಸನ್ ಹೊರಗೆ ಹಾಕಿದ ಮನಸ್ಸು ವಾಪಸ್ ಬಂತು.

ಇದೆಲ್ಲ ದೂರದ ಕಥೆ ಅನ್ನಿಸಿದರೆ, ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಸೈಕಾಲಜಿ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರನ್ನು ನೆನೆಯಿರಿ. ಮುಂದೆ 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರು ಮಾಡಿದವರೂ ಅವರೇ! ಅವರು ಲಂಡನ್‌ನಲ್ಲಿ ಓದಿದ್ದು ಸ್ಪಿಯರ್‌ಮನ್ ಬಳಿ. ಸ್ಪಿಯರ್‌ಮನ್ ಪಿಎಚ್.ಡಿ. ಮಾಡಿದ್ದು ಲೈಪ್‌ಜಿಗ್‌ನಲ್ಲಿ, ವುಂಟ್ ಕೈಕೆಳಗೆ.

ಇನ್ನು ಯಾವುದು ಸರಿ ಅನ್ನೋದು. ಲಿಫ್ಟ್ ಅಂದರೆ ಹೆದರುವ ಒಬ್ಬರು ಕೌನ್ಸೆಲರ್ ಹತ್ತಿರ ಹೋದರು ಅಂತಿಟ್ಟುಕೊಳ್ಳಿ. ಸ್ವಲ್ಪಸ್ವಲ್ಪವಾಗಿ ಲಿಫ್ಟ್ ಅಭ್ಯಾಸ ಮಾಡಿಸುವುದು ವರ್ತನಾವಾದದ ಕೊಡುಗೆ. "ಹಗ್ಗ ಕಡಿದೇ ಹೋಗುತ್ತೆ" ಅನ್ನುವ ಯೋಚನೆಯನ್ನು ಹಿಡಿದು ಪರೀಕ್ಷಿಸುವುದು 1960ರ ದಶಕದಲ್ಲಿ ಏರನ್ ಬೆಕ್ ತೋರಿಸಿದ ದಾರಿ, ಅಂದರೆ ಯೋಚನೆಗೆ ಒತ್ತು ಕೊಡುವ ಕಾಗ್ನಿಟಿವ್ ಪಂಥದ್ದು. ನಗದೆ, ಬೈಯದೆ ಪೂರ್ತಿ ಕೇಳಿಸಿಕೊಳ್ಳುವುದನ್ನು ಕಲಿಸಿದವನು ಮಾನವತಾವಾದಿ ಕಾರ್ಲ್ ರೋಜರ್ಸ್. ಒಂದೇ ಕೋಣೆಯಲ್ಲಿ ಮೂರು ಪಂಥ. ಆ ಕೋಣೆಯಲ್ಲಿ ನಿಮಗೆ ಸಿಗದೇ ಇರುವುದು ಟಿಚನರ್‌ನ ರಚನಾವಾದ. 1927ರಲ್ಲಿ ಅವನು ತೀರಿಕೊಂಡ ಮೇಲೆ ಅದನ್ನು ಮುಂದುವರಿಸುವವರೇ ಇರಲಿಲ್ಲ.