ಕಾರವಾರದ ಪ್ರೌಢಶಾಲಾ ಮಕ್ಕಳಿಗೆ ಸಮುದ್ರದ ಸಸ್ತನಿಗಳನ್ನು ಪ್ರಾಜೆಕ್ಟ್ ಮೂಲಕ ಕಲಿಸುವುದು ಹೇಗೆ?

ಡಾಲ್ಫಿನ್ ಎಷ್ಟು ಹೊತ್ತಿಗೊಮ್ಮೆ ನೀರಿನ ಮೇಲೆ ಬರುತ್ತದೆ, ಏಕೆ ಬರುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಮಕ್ಕಳಿಗೆ ಒಪ್ಪಿಸಿ, ಉತ್ತರವನ್ನು ಅವರೇ ದಾಖಲಿಸಿ ಕಂಡುಕೊಳ್ಳುವಂತೆ ಮಾಡಬೇಕು. ಚಾರ್ಟ್ ಬರೆಸಿ ಗೋಡೆಗೆ ಅಂಟಿಸುವುದನ್ನು ನಾನಂತೂ ಪ್ರಾಜೆಕ್ಟ್ ಎನ್ನಲಾರೆ.

ಇಲ್ಲಿಯ ಗೂನುಬೆನ್ನಿನ ಡಾಲ್ಫಿನ್‌ಗಳು ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿ ಓಡಾಡುವುದರಿಂದ, ಕಾಳಿ ನದಿಯ ಅಳಿವೆಯ ಬಳಿ ದುರ್ಬೀನು, ಗಡಿಯಾರ ಹಿಡಿದು ಕುಳಿತು, ಭರತ-ಇಳಿತದ ಹೊತ್ತನ್ನೂ ಗುರುತಿಸಿಕೊಂಡು ನೋಡಬಹುದು. ಕಿವಿರಿಲ್ಲದ, ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ ನೆತ್ತಿಯ ಮೇಲಿನ ಮೂಗಿನ ಹೊಳ್ಳೆ ತೆರೆಯಲು ಮೇಲೇಳಲೇಬೇಕೆಂಬುದು ಆ ದಾಖಲೆಯಿಂದಲೇ ಅರ್ಥವಾಗುತ್ತದೆ. ಡಾಲ್ಫಿನ್ ಮೀನಲ್ಲವೆಂದು ತೋರಿಸಲು, ಪೇಟೆಯ ಬಂಗಡೆ ಮೀನೊಂದನ್ನು ತರಗತಿಗೆ ತಂದು ಬಾಗಿಸಿದರೆ ಅದರ ಬಾಲ ಎಡಬಲಕ್ಕೆ ಹೊರಳುತ್ತದೆ. ಡಾಲ್ಫಿನ್‌ನ ಬಾಲವಾದರೋ, ಓಡುವ ನಾಯಿಯ ಬೆನ್ನಿನಂತೆ, ಮೇಲೆ ಕೆಳಗೆ ಬಡಿಯುತ್ತದೆ. ಒಂದೇ ಪ್ರಾಣಿಯನ್ನು ಎರಡು ಬಾರಿ ಎಣಿಸದಿರಲು ಬೆನ್ನುರೆಕ್ಕೆಯ ಕಚ್ಚುಗಳನ್ನು ಚಿತ್ರಿಸಿಕೊಳ್ಳಲಿ.