ಕೀನ್ಯಾದ ಚರ್ಚಿನಲ್ಲಿ ಶಿಬಿರ: ಹೊರಡುವ ಮುನ್ನ

ಪ್ರಶ್ನೆ: ಕೀನ್ಯಾದ ಚರ್ಚೊಂದು ಮಹಿಳೆಯರಿಗೆ, ದಂಪತಿಗಳಿಗೆ ಎರಡು ದಿನದ ಶಿಬಿರ ನಡೆಸಿಕೊಡಲು ಕರೆದಿದೆ. ಸಿದ್ಧತೆ ಹೇಗೆ?
– ಓದುಗರೊಬ್ಬರು, ಉಡುಪಿ

ಉತ್ತರ: ಮೊದಲು ಹಳದಿ ಜ್ವರದ ಲಸಿಕೆ. ಇದು ಎಲ್ಲ ಆಸ್ಪತ್ರೆಗಳಲ್ಲೂ ಸಿಗದು, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಪ್ರಮಾಣಪತ್ರ ಊರ್ಜಿತವಾಗುವುದು 10 ದಿನಗಳ ನಂತರ. ಅದಿಲ್ಲದೆ ಮರಳಿದರೆ ಭಾರತದಲ್ಲಿ ಇಳಿದೊಡನೆ 6 ದಿನಗಳವರೆಗೆ ಕ್ವಾರಂಟೈನ್ ಆಗಬಹುದು.

2024ರಿಂದ ವೀಸಾ ಬದಲು ಆನ್‌ಲೈನ್ ಇ-ಟಿಎ (ಹೊರಡುವ ಮೊದಲೇ ಪಡೆಯಬೇಕಾದ ಪ್ರಯಾಣ ಅನುಮತಿ) ಬಂದಿದೆ. ‘ಪ್ರವಾಸ’ ಎಂದು ಬರೆದು ಬೋಧನೆಗೆ ಹೋಗಬೇಡಿ. ಬೇರೆ ಪರವಾನಗಿ ಬೇಕೇ ಎಂದು ಕರೆದವರಲ್ಲೇ ಮೊದಲು ವಿಚಾರಿಸಿ.

ಸ್ವಾಹಿಲಿ ಅನುವಾದಕರಿದ್ದರೆ ಒಂದು ಗಂಟೆಗೆ ಅರ್ಧ ಗಂಟೆಯ ಮಾತಷ್ಟೇ ಹಿಡಿಯುತ್ತದೆ. ಪಾಠವನ್ನು ಅಷ್ಟಕ್ಕೇ ಬರೆದುಕೊಳ್ಳಿ. ಹಾಡು ಶುರುವಾದರೆ ಗಡಿಯಾರ ಮರೆತುಬಿಡಿ!

ದಂಪತಿಗಳನ್ನು ಒಟ್ಟಿಗೆ ಕೂರಿಸಿ ಮೊದಲೇ ದುಡ್ಡಿನ ಜಗಳ ಎತ್ತಿದರೆ ಹೆಂಗಸರು ಬಾಯಿ ಬಿಡುವುದು ಕಷ್ಟ. ಮೊದಲು ಬೇರೆ ಬೇರೆ ಗುಂಪು, ಮರುದಿನ ಜೋಡಿ ಜೋಡಿಯಾಗಿ.